ನಾಚಿ ನಿಂತ ಮುತ್ತು

ಲವ್ ಸೀನ್ ಅಂದ್ರೆ ಹೀರೋ-ಹೀರೋಯಿನ್ ಮರ ಸುತ್ತಲೇಬೇಕು ಅನ್ನೋ ರಸಿಕರೇ, ಇಲ್ಲಿ ಕೇಳಿ. ನಾನು ಕಂಡ ಅತ್ಯುತ್ತಮ ಪ್ರಣಯ ದೃಶ್ಯದಲ್ಲಿ ಇಬ್ಬರಿಗೂ ತಲೆ ನರೆತಿದೆ!

ಚಿತ್ರ 'ಮೇಕ್ ವೇ ಫಾರ್ ಟುಮಾರೋ' (1937). ನಿರ್ದೇಶಕ ಲಿಯೋ ಮೆಕ್ಯಾರಿ. ಐವತ್ತು ವರ್ಷ ಸಂಸಾರ ಮಾಡಿದ ಬಾರ್ಕ್-ಲೂಸಿ ದಂಪತಿಯ ಮನೆ ಬ್ಯಾಂಕಿನ ಪಾಲಾಗುತ್ತೆ. ಐದು ಮಕ್ಕಳಲ್ಲಿ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳೋಕೆ ಒಬ್ಬರೂ ತಯಾರಿಲ್ಲ. ಅಪ್ಪ ಒಂದು ಕಡೆ, ಅಮ್ಮ ಇನ್ನೊಂದು ಕಡೆ. ಮಕ್ಕಳು ವಿಲನ್‌ಗಳೂ ಅಲ್ಲ, ನಮ್ಮ ನಿಮ್ಮಂಥವರೇ.

ಪಂತುಲು ಅವರ 'ಸ್ಕೂಲ್ ಮಾಸ್ಟರ್' (1958) ನೋಡಿ ಅತ್ತವರಿಗೆ ಈ ಸಂಕಟ ಗೊತ್ತು. ಅಲ್ಲಿ ಹಳೇ ಶಿಷ್ಯ ಬಂದು ಕಾಪಾಡ್ತಾನೆ. ಇಲ್ಲಿ ಯಾರೂ ಬರಲ್ಲ.

ಕೊನೆಗೆ ನ್ಯೂಯಾರ್ಕಿನಲ್ಲಿ ಕೆಲವು ಗಂಟೆ ಸಿಗುತ್ತೆ. ಊಟಕ್ಕೆ ಬರಲ್ಲ ಅಂತ ಮಗಳಿಗೆ ಫೋನ್ ಮಾಡಿ, ಹನಿಮೂನ್‌ಗೆ ತಂಗಿದ್ದ ಹೋಟೆಲಿನಲ್ಲೇ ಕೂರ್ತಾರೆ. ಇನ್ನೇನು ಮುತ್ತು ಅನ್ನುವಾಗ ಲೂಸಿ ತಿರುಗಿ ಪ್ರೇಕ್ಷಕರನ್ನೇ ನೋಡಿ, ನಾಚಿ ಹಿಂದೆ ಸರೀತಾಳೆ. ಆ ಮುದುಕಿಯಾದ ಬ್ಯೂಲಾ ಬಾಂಡಿಗೆ ಆಗಿನ್ನೂ ಐವತ್ತು ತುಂಬಿರಲಿಲ್ಲ!

ಆಮೇಲೆ ರೈಲು. ಅವನು ಕ್ಯಾಲಿಫೋರ್ನಿಯಾದ ಮಗಳ ಮನೆಗೆ, ಅವಳು ವೃದ್ಧಾಶ್ರಮಕ್ಕೆ. ಅದನ್ನು ಅವಳು ಅವನಿಗೆ ಹೇಳೋದೇ ಇಲ್ಲ.

ಸುಖಾಂತ್ಯ ಮಾಡಿ ಅಂತ ಪ್ಯಾರಾಮೌಂಟ್ ಒತ್ತಾಯಿಸಿದರೂ ಮೆಕ್ಯಾರಿ ಬಗ್ಗಲಿಲ್ಲ. ಚಿತ್ರ ಓಡಲಿಲ್ಲ. ಅದೇ ವರ್ಷದ 'ದಿ ಆಫುಲ್ ಟ್ರೂತ್'ಗೆ ಆಸ್ಕರ್ ಬಂದಾಗ, ತಪ್ಪು ಚಿತ್ರಕ್ಕೆ ಕೊಟ್ರಿ ಅಂದನಂತೆ ಭೂಪ!

ತಾಳಿ ಬಿದ್ದ ಕೂಡಲೇ 'ಶುಭಂ' ಹಾಕೋ ಸಿನಿಮಾ ಸಾಕಷ್ಟಿವೆ. ಮದುವೆ ಅಂದ್ರೇನು ಅಂತ ತಿಳಿಯೋಕೆ ಇದನ್ನು ನೋಡಿ. ನೋಡಿದ ಮೇಲೆ ಊರಿಗೊಂದು ಫೋನ್ ಹಾಕಿ.