ಕೊಂಡ ಯಂತ್ರಕ್ಕೆ ಒಡೆಯರು ಯಾರು?

ತಕ್ಕಡಿ ಕೊಂಡ ವ್ಯಾಪಾರಿ ಅದರಲ್ಲಿ ಯಾರ ಅಕ್ಕಿಯನ್ನಾದರೂ ತೂಗಬಹುದು. "ನಾವು ಹೇಳಿದ ಮಂಡಿಯ ಅಕ್ಕಿಯನ್ನು ಮಾತ್ರ ತೂಗತಕ್ಕದ್ದು" ಎಂದು ತಕ್ಕಡಿ ಮಾಡಿದವನು ಕರಾರು ಹಾಕಿದರೆ ನಮ್ಮ ಪೇಟೆಯವರು ಸುಮ್ಮನಿರುವರೇ? ಕಂಪ್ಯೂಟರಿನ ಲೋಕದಲ್ಲಿ ಇಂಥದೇ ಕರಾರು ಸದ್ದಿಲ್ಲದೆ ನಡೆದುಹೋಯಿತು. ಹಳೆಯ ಮೋಡೆಮ್ಮಿನ ಕಥೆಯೇ ಅದಕ್ಕೆ ಸಾಕ್ಷಿ.

ಕಂಪ್ಯೂಟರಿನ ಅಂಕಿಗಳನ್ನು ಟೆಲಿಫೋನ್ ತಂತಿಯಲ್ಲಿ ಹೋಗುವ ಧ್ವನಿಯಾಗಿಸಿ, ಆ ಕಡೆಯಿಂದ ಬಂದ ಧ್ವನಿಯನ್ನು ಮರಳಿ ಅಂಕಿಯಾಗಿಸುವ ಸಾಧನವೇ ಮೋಡೆಮ್. 1995ರ ಆಗಸ್ಟ್ 15ರಂದು ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತಾಗ ಮನೆಗೆ ಬಂದದ್ದು ಈ ದಾರಿಯಿಂದಲೇ. ಮೊದಲಿನ ಮೋಡೆಮ್ ಪೆಟ್ಟಿಗೆ ಯಾರ ಹಂಗೂ ಇಲ್ಲದ ಕೆಲಸಗಾರ. ಅಮೆರಿಕದ ಹೇಯ್ಸ್ ಕಂಪನಿ 1981ರಲ್ಲಿ ತಂದ "ಎ.ಟಿ." ಆಜ್ಞೆಗಳನ್ನು ಯಾವ ಕಂಪ್ಯೂಟರ್ ಕೊಟ್ಟರೂ ಅದು ನಂಬರು ತಿರುಗಿಸುತ್ತಿತ್ತು. ಕೆಡದೆ ಉಳಿದ ಅಂಥ ಪೆಟ್ಟಿಗೆಯನ್ನು ಸೀರಿಯಲ್ ಕೇಬಲ್ಲಿನಿಂದ ಜೋಡಿಸಿದರೆ ಲಿನಕ್ಸ್ ಇಂದಿಗೂ ಅದರಿಂದ ಕೆಲಸ ತೆಗೆಯುತ್ತದೆ.

1990ರ ದಶಕದ ಕೊನೆಗೆ ಕಂಪನಿಗಳು ಒಂದು ಉಪಾಯ ಹೂಡಿದವು. ಮೋಡೆಮ್ಮಿನೊಳಗಿನ ಲೆಕ್ಕದ ಚಿಪ್ಪನ್ನು ತೆಗೆದು, ಆ ದುಡಿಮೆಯನ್ನು ಕೊಂಡವನ ಕಂಪ್ಯೂಟರಿನ ಮೇಲೆಯೇ ಹೊರಿಸಿದವು. ಬೆಲೆ ಇಳಿಯಿತು, ನಿಜ. ಆದರೆ ಆ ಲೆಕ್ಕ ಮಾಡುವ ತಂತ್ರಾಂಶವನ್ನು ಹೆಚ್ಚಾಗಿ ವಿಂಡೋಸಿಗೆ ಮಾತ್ರ ಕೊಟ್ಟರು. "ವಿನ್‌ಮೋಡೆಮ್" ಎಂಬ ಹೆಸರು ಬಿದ್ದದ್ದೇ ಹಾಗೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿ, ನಾನಾ ದೇಶದ ಜನ ಕೈಗೂಡಿಸಿ ಬೆಳೆಸಿದ ಲಿನಕ್ಸನ್ನು ಹಾಕಿಕೊಂಡವರಿಗೆ ಅದು ಬರೀ ತಗಡಾಯಿತು. ಯಂತ್ರ ಕೆಟ್ಟಿರಲಿಲ್ಲ, ಅದರ ಗುಟ್ಟು ಮಾತ್ರ ಕಂಪನಿಯ ಪೆಟ್ಟಿಗೆಯಲ್ಲಿತ್ತು.

ಬಳಕೆದಾರರು ಕೈಕಟ್ಟಿ ಕೂರಲಿಲ್ಲ. ಚಿಪ್ಪುಗಳ ಹೆಸರು ಹುಡುಕಿದರು, ತಿಳಿದದ್ದನ್ನು ಹಂಚಿಕೊಂಡರು, ತಾವೇ ಚಾಲಕ ತಂತ್ರಾಂಶ ಬರೆಯಲು ಕುಳಿತರು. ಲೂಸೆಂಟ್, ಸ್ಮಾರ್ಟ್‌ಲಿಂಕ್ ಚಿಪ್ಪುಗಳಿಗೆ ಲಿನಕ್ಸ್ ಚಾಲಕವೇನೋ ಬಂತು. ಅದರ ತಿರುಳು ಮಾತ್ರ ಮೊಹರು ಹಾಕಿದ ಗಂಟು. ಲಿನಕ್ಸ್ ಬದಲಾದಂತೆಲ್ಲ ಜನರು ಹೊರಗಿನ ಹೊದಿಕೆಯನ್ನು ಹೊಲಿದು ಹೊಂದಿಸಿದರು. ಒಳಗಿನ ಗಂಟನ್ನು ಬಿಚ್ಚುವ ಹಕ್ಕು ಅವರಿಗಿರಲಿಲ್ಲ. 32 ಬಿಟ್ಟಿಗೆಂದು ಕಟ್ಟಿದ ಆ ಗಂಟು 64 ಬಿಟ್ಟಿನ ಕಾಲ ಬಂದಾಗ ಹಿಂದೆಯೇ ಉಳಿಯಿತು.

ಮೋಡೆಮ್ಮಿನ ಕಾಲ ಮುಗಿಯಿತು, ಈ ಹಳೆಯ ಜಗಳ ಈಗೇಕೆ ಎನ್ನುವವರಿದ್ದಾರೆ. ಕಾಲ ಮುಗಿದಿರಬಹುದು, ಕರಾರು ಮುಗಿದಿಲ್ಲ. ಇಂದಿನ ಮೊಬೈಲು, ಪ್ರಿಂಟರುಗಳಲ್ಲೂ ಅದೇ ಮೊಹರಿದೆ. ಗಟ್ಟಿಮುಟ್ಟಾದ ಯಂತ್ರ ಕಂಪನಿ ಕೈಬಿಟ್ಟ ದಿನವೇ ಗುಜರಿ ಸೇರುತ್ತದೆ. ಎರಡನೆಯ ಸಲ ಹಣ ತೆರುವವರು ನಾವು. ಮಗ್ಗದ ಕೀಲು ಸವೆದರೆ ಬಿಚ್ಚಿ ನೋಡಿ ಸರಿಪಡಿಸುವ ಕಾರ್ಮಿಕನಿಗೆ ಈ ಅನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬೇಡಿಕೆ ಸರಳ. ಯಂತ್ರ ಮಾರುವವನು ಅದು ನಡೆಯುವ ಬಗೆಯನ್ನು ಬರೆದು ಕೊಡಲಿ. ತಾನು ಕೈಬಿಟ್ಟ ದಿನವಾದರೂ ಅದರ ತಂತ್ರಾಂಶವನ್ನು ಜನರಿಗೆ ಬಿಟ್ಟುಕೊಡಲಿ. ಸರ್ಕಾರಿ ಕಚೇರಿಗಳು, ಶಾಲೆಗಳು ನಮ್ಮ ತೆರಿಗೆಯ ಹಣದಲ್ಲಿ ಯಂತ್ರ ಕೊಳ್ಳುವಾಗ ಮೊದಲು ಈ ಷರತ್ತನ್ನು ಹಾಕಲಿ. ಬೆಲೆ ಕೊಟ್ಟವನಿಗೆ ಬೀಗದ ಕೈಯೂ ಸಲ್ಲಬೇಕು.