ಉರಿಯುವ ಶಾಮಿಯಾನವನ್ನು ಕೊಯ್ದ ಬಾಲಕ

ಶೌರ್ಯ ಪ್ರಶಸ್ತಿ ಪಡೆದ ಮಕ್ಕಳ ಭಾವಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡು ನಾವು ಹರ್ಷಪಡುತ್ತೇವೆ. ಆ ಪ್ರಶಸ್ತಿಯ ಹುಟ್ಟಿಗೆ ಒಂದು ಬೆಂಕಿಯೇ ಕಾರಣವೆಂಬುದು ಅನೇಕರಿಗೆ ತಿಳಿದಿರಲಾರದು.

1957ರ ಅಕ್ಟೋಬರ್ 2ರಂದು ದೆಹಲಿಯಲ್ಲಿ ರಾಮಲೀಲಾ ಪ್ರದರ್ಶನ ನಡೆದಿತ್ತು. ಪ್ರಧಾನಿ ಜವಾಹರಲಾಲ್ ನೆಹರೂ ಪ್ರೇಕ್ಷಕರಲ್ಲಿದ್ದರು. ಗಣ್ಯರ ಆಸನಗಳ ಬಳಿ ಸೇವೆಗೆ ನಿಂತಿದ್ದ ಹರೀಶಚಂದ್ರ ಮೆಹ್ರಾ 14 ವರ್ಷದ ಸ್ಕೌಟ್ ಬಾಲಕ. ಇದ್ದಕ್ಕಿದ್ದಂತೆ ಶಾಮಿಯಾನಕ್ಕೆ ಬೆಂಕಿ ಹತ್ತಿತು. ಬಾಲಕನು ಕಂಬವನ್ನೇರಿ, ತನ್ನಲ್ಲಿದ್ದ ಸ್ಕೌಟ್ ಚಾಕುವಿನಿಂದ ಉರಿಯುವ ಬಟ್ಟೆಯನ್ನು ಕೊಯ್ದು ಬೇರ್ಪಡಿಸಿದನು. ಕೈಗಳು ಸುಟ್ಟವು, ಕೆಳಗಿದ್ದ ಜನರು ಉಳಿದರು. 1958ರ ಫೆಬ್ರವರಿ 4ರಂದು ಸ್ವತಃ ನೆಹರೂ ಅವರೇ ಅವನಿಗೂ ಮತ್ತೊಂದು ಮಗುವಿಗೂ ಮೊದಲ ಪ್ರಶಸ್ತಿಯನ್ನಿತ್ತರು. ಮುಂದೆ ಭಾರತೀಯ ಮಕ್ಕಳ ಕಲ್ಯಾಣ ಪರಿಷತ್ತು ಆ ಕ್ರಮವನ್ನು ನಡೆಸಿಕೊಂಡು ಬಂದಿತು.

'ಪ್ರಧಾನಿಯನ್ನು ಉಳಿಸಿದ ಹುಡುಗ' ಎಂದೇ ಅವನನ್ನು ಹೊಗಳುವುದುಂಟು. ನಮಗೇನೋ ಆ ಹೊಗಳಿಕೆ ಸಣ್ಣದೆನಿಸುತ್ತದೆ. ಅದೇ ಬಟ್ಟೆಯ ನೆರಳಿನಲ್ಲಿ ಯಾರೂ ಹೆಸರು ಕೇಳದ ನೂರಾರು ಮಂದಿಯೂ ಇದ್ದರಲ್ಲವೇ? ಗಮನಿಸಬೇಕಾದುದು ಅವನು ಮಾಡಿದ ಕೆಲಸದ ರೀತಿಯನ್ನು. ನೀರಿಗಾಗಿ ಕಾಯದೆ, ಬೆಂಕಿಯ ಮುಂದಿನ ತುತ್ತನ್ನೇ ಅವನು ಕಡಿದುಹಾಕಿದನು. ಬರಿಯ ಧೈರ್ಯದಿಂದ ಇದು ಸಾಧ್ಯವಿಲ್ಲ, ಕೈಗೆ ಅಭ್ಯಾಸವಿರಬೇಕು. ಬಟ್ಟೆಯ ಸೂರು ಹತ್ತಿಕೊಂಡರೆ ಎಷ್ಟು ಭೀಕರವೆಂಬುದನ್ನು 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಯು ತೋರಿಸಿತು. ಅಂದು ಮಡಿದವರಲ್ಲಿ ಮಕ್ಕಳೇ ಹೆಚ್ಚು.

ಸೇಡಂ, ಚಿತ್ತಾಪುರಗಳ ಕಡೆ ಶಹಾಬಾದಿ ಕಲ್ಲಿನ ಮನೆಗಳು ಸುಲಭವಾಗಿ ಉರಿಯಲಾರವು. ಆದರೆ ಹೊಲದಲ್ಲಿ ಮೇವಿನ ಬಣವೆಯಿದೆ, ಹಿತ್ತಲಲ್ಲಿ ಒಣಗಿದ ತೊಗರಿ ಕಟ್ಟಿಗೆಯಿದೆ, ಮದುವೆ-ಜಾತ್ರೆಗಳಲ್ಲಿ ಅದೇ ಶಾಮಿಯಾನವಿದೆ. ಬಣವೆ ಹತ್ತಿದಾಗ ಉರಿಯುವುದರೊಡನೆ ಸೆಣಸುವುದಕ್ಕಿಂತ ಪಕ್ಕದ ಮೇವನ್ನು ದೂರ ಸರಿಸುವುದು ಜಾಣತನ. ಇದು ನಮ್ಮ ರೈತರಿಗೆ ಗೊತ್ತು. ಮಕ್ಕಳಿಗೆ ಹೇಳಿಕೊಟ್ಟವರೆಷ್ಟು ಮಂದಿ?

ಉರಿಯುವ ಮನೆಯೊಳಗೆ ಮಕ್ಕಳು ನುಗ್ಗಬೇಕೆಂದು ನಾವು ಹೇಳುತ್ತಿಲ್ಲ, ತಾಯಂದಿರು ಗಾಬರಿಯಾಗಬಾರದು. ಮೊದಲು ಕೂಗಿ ಹಿರಿಯರನ್ನು ಕರೆಯಲಿ, 112ಕ್ಕೆ ಕರೆ ಮಾಡಲಿ. ಹೊಗೆ ತುಂಬಿದ ಕೋಣೆಯಲ್ಲಿ ಸಿಕ್ಕಿದರೆ ನೆಲಕ್ಕೆ ಬಾಗಿ ತೆವಳಿ ಹೊರಬರಲಿ. ಅಡುಗೆಮನೆಯಲ್ಲಿ ಅಕ್ಕನ ಸೆರಗಿಗೆ ಕಿಡಿ ತಗುಲಿದರೆ ಅವಳನ್ನು ಓಡಗೊಡದೆ ಮಲಗಿಸಿ ದಪ್ಪ ಕಂಬಳಿ ಹೊದಿಸಬೇಕು. ಬಳಿಕ ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು. ಎಣ್ಣೆಯನ್ನಾಗಲಿ ಅರಿಶಿನವನ್ನಾಗಲಿ ಬಳಿಯದೆ, ಶುಭ್ರವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು.