‘ಡಿಸ್ಕಸ್ ಅಬೌಟ್’ ಅಂದಾಗ ನಗೋ ಮುಂಚೆ

ಹೋದ ಸೆಮಿಸ್ಟರ್ ಪ್ಲೇಸ್‌ಮೆಂಟ್ ತಯಾರಿಗೆ ಅಂತ ನಾವು ನಾವೇ ಸೇರಿ ಒಂದು ಮಾಕ್ ಜಿಡಿ ಇಟ್ಟುಕೊಂಡಿದ್ವಿ. ವಿಷಯ ಊರಿನ ಟ್ರಾಫಿಕ್. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಮ್ಮಿನಲ್ಲಿ ಓದಿದ ಗೆಳೆಯನೊಬ್ಬ ಧೈರ್ಯ ಮಾಡಿ ಮೊದಲು ಬಾಯಿ ತೆಗೆದ: ‘ಫಸ್ಟ್ ಲೆಟ್ ಅಸ್ ಡಿಸ್ಕಸ್ ಅಬೌಟ್ ಪಾರ್ಕಿಂಗ್.’ ಹಿಂದಿನಿಂದ ಯಾರೋ ‘ಡಿಸ್ಕಸ್ ಅಬೌಟ್ ಅಂತೆ!’ ಅಂದ್ರು. ಎಲ್ಲರೂ ನಕ್ಕರು. ಹೌದು, ನಾವೂ ನಕ್ಕೆವು. ಆಮೇಲಿನ ಹದಿನೈದು ನಿಮಿಷ ಅವನು ಒಂದು ಮಾತೂ ಆಡಲಿಲ್ಲ. ಆ ಗುಂಪಿನಲ್ಲಿ ಟ್ರಾಫಿಕ್ ಸಿಗ್ನಲ್ ಮೇಲೆ ಮಿನಿ ಪ್ರಾಜೆಕ್ಟ್ ಮಾಡಿದ್ದವನು ಅವನೊಬ್ಬನೇ.

ಆ ನಗು ಈಗಲೂ ನಮ್ಮನ್ನು ಚುಚ್ಚುತ್ತೆ. ನಾವು ಹೇಳಬೇಕಾದದ್ದು ಇಷ್ಟೇ: ಇಂತಹ ಎಷ್ಟೋ ತಪ್ಪುಗಳಿಗೆ ದಡ್ಡತನ ಕಾರಣ ಅಲ್ಲ. ಕನ್ನಡದ ವ್ಯಾಕರಣವನ್ನ ಅಚ್ಚುಕಟ್ಟಾಗಿ ಪಾಲಿಸಿದ್ದಕ್ಕೇ ಅವು ಬರುತ್ತವೆ. ಕಾರಣ ಗೊತ್ತಾದ್ರೆ ತಿದ್ದಿಕೊಳ್ಳೋದು ಸುಲಭ. ನಕ್ಕರೆ ಎದುರಿಗಿರೋನು ಮಾತೇ ನಿಲ್ಲಿಸಿಬಿಡ್ತಾನೆ.

ಕನ್ನಡದಲ್ಲಿ ‘ಪಾರ್ಕಿಂಗ್ ಬಗ್ಗೆ ಚರ್ಚಿಸೋಣ’ ಅಂತೀವಿ. ಆ ‘ಬಗ್ಗೆ’ಯೇ ‘ಅಬೌಟ್’ ಆಗಿ ಬಂದಿದ್ದು. ಇಂಗ್ಲಿಷಿನಲ್ಲಿ ‘ಟಾಕ್’ಗೆ ‘ಅಬೌಟ್’ ಬೇಕು, ‘ಡಿಸ್ಕಸ್’ಗೆ ಬೇಡ. ‘ಅವನ ಮೇಲೆ ಸಿಟ್ಟು’ ಅನ್ನೋದು ‘ಆಂಗ್ರಿ ಆನ್ ಹಿಮ್’ ಆಗುತ್ತೆ; ಅಲ್ಲಿ ‘ವಿತ್’ ಬರಬೇಕು. ‘ಡಾಕ್ಟರ್ ಜೊತೆ ಮದುವೆ’ ಅನ್ನೋದು ‘ಮ್ಯಾರೀಡ್ ವಿತ್’ ಆಗುತ್ತೆ. ಅಲ್ಲಿ ‘ಟು’ ಬರಬೇಕು. ‘ನನಗೆ ವಿವರಿಸಿ’ಯಲ್ಲಿ ‘ಗೆ’ ಪದಕ್ಕೇ ಅಂಟಿಕೊಂಡಿದೆ, ಅದಕ್ಕೇ ‘ಎಕ್ಸ್‌ಪ್ಲೇನ್ ಟು ಮಿ’ ಅನ್ನುವಾಗ ‘ಟು’ ಮರೆತುಹೋಗುತ್ತೆ.

ನಮ್ಮ ‘ಅಲ್ಲಿ’ ಪ್ರತ್ಯಯವನ್ನೇ ನೋಡಿ. ಕಾರಲ್ಲಿ, ಬಸ್ಸಲ್ಲಿ, ಸ್ಟಾಪಲ್ಲಿ. ಒಂದೇ ಪ್ರತ್ಯಯದಲ್ಲಿ ಕೆಲಸ ಮುಗೀತು. ಇಂಗ್ಲಿಷಿಗೆ ಮೂರು ಬೇಕು: ‘ಇನ್ ದ ಕಾರ್’, ‘ಆನ್ ದ ಬಸ್’, ‘ಅಟ್ ದ ಸ್ಟಾಪ್’. ಕಾರೂ ಬಸ್ಸೂ ಎರಡರೊಳಗೂ ನಾವು ಕೂತೇ ಹೋಗೋದು, ಆದರೂ ಒಂದಕ್ಕೆ ‘ಇನ್’, ಇನ್ನೊಂದಕ್ಕೆ ‘ಆನ್’. ಇದನ್ನ ತರ್ಕದಿಂದ ಊಹಿಸೋಕೆ ಹೋದವನು ಎಡವೋದು ಸಹಜ.

ಕ್ರಿಯಾವಿಶೇಷಣದ್ದೂ ಇದೇ ಕಥೆ. ‘ವೇಗ’ಕ್ಕೆ ‘ಆಗಿ’ ಸೇರಿಸಿದರೆ ‘ವೇಗವಾಗಿ’, ‘ಸುಲಭ’ಕ್ಕೆ ಸೇರಿಸಿದರೆ ‘ಸುಲಭವಾಗಿ’. ಹಾಗೇ ಇಂಗ್ಲಿಷಿನಲ್ಲಿ ‘ಕ್ವಿಕ್’ಗೆ ‘ಲಿ’ ಸೇರಿಸಿದರೆ ‘ಕ್ವಿಕ್ಲಿ’. ಸರಿ, ಹಾಗಾದ್ರೆ ‘ಹಾರ್ಡ್’ಗೂ ಸೇರಿಸೋಣ ಅಂತ ಇಂಟರ್‌ವ್ಯೂನಲ್ಲಿ ‘ಐ ವರ್ಕ್ಡ್ ಹಾರ್ಡ್ಲಿ’ ಅಂತೀವಿ. ‘ಹಾರ್ಡ್ಲಿ’ ಅಂದ್ರೆ ‘ಇಲ್ಲ ಅನ್ನುವಷ್ಟು ಕಮ್ಮಿ’ ಅಂತ ಅರ್ಥ. ಕಷ್ಟಪಟ್ಟೆ ಅಂತ ಹೇಳಲು ಹೋಗಿ ಕೆಲಸವನ್ನೇ ಮಾಡಿಲ್ಲ ಅಂದಹಾಗೆ ಆಗುತ್ತೆ. ಇನ್ನು ‘ನಿನ್ನೆಯೇ ಸಬ್ಮಿಟ್ ಮಾಡಿದೆ’ ಅನ್ನೋದರಲ್ಲಿರೋ ಪುಟ್ಟ ‘ಏ’ ಇದೆಯಲ್ಲ, ‘ಯೆಸ್ಟರ್ಡೇ ಓನ್ಲಿ ಐ ಸಬ್ಮಿಟೆಡ್’ ಅನ್ನುವಾಗಿನ ‘ಓನ್ಲಿ’ ಅದೇ.

ಎಲ್ಲಕ್ಕಿಂತ ಹೆದರಿಸೋದು ಫ್ರೇಸಲ್ ವರ್ಬ್. ‘ಲುಕ್’ ಅಂದ್ರೆ ನೋಡು. ‘ಲುಕ್ ಫಾರ್’ ಅಂದ್ರೆ ಹುಡುಕು. ‘ಲುಕ್ ಇನ್‌ಟು’ ಅಂದ್ರೆ ವಿಚಾರಿಸು, ಪರಿಶೀಲಿಸು. ‘ಲುಕ್ ಆಫ್ಟರ್’ ಅಂದ್ರೆ ನೋಡಿಕೊ. ಬಾಲ ಬದಲಾದ್ರೆ ಅರ್ಥವೇ ಬದಲು, ಇದೆಂಥ ಭಾಷೆಯಪ್ಪಾ ಅನ್ಸುತ್ತೆ. ಆದರೆ ‘ನೋಡಿಕೊ’ ಅನ್ನೋದನ್ನ ಒಂದು ಸಲ ಬಿಡಿಸಿ ನೋಡಿ. ‘ನೋಡು’ ಜೊತೆ ‘ಕೊಳ್ಳು’ ಸೇರಿದೆ. ‘ತಮ್ಮನ್ನ ನೋಡು’ ಅನ್ನೋದಕ್ಕೂ ‘ತಮ್ಮನ್ನ ನೋಡ್ಕೋ’ ಅನ್ನೋದಕ್ಕೂ ಎಷ್ಟು ವ್ಯತ್ಯಾಸ! ಕನ್ನಡ ಕಲಿಯಲು ಬಂದ ಹೊರರಾಜ್ಯದ ರೂಮ್‌ಮೇಟ್‌ಗೆ ಇದನ್ನ ವಿವರಿಸಿ ನೋಡಿ, ತಲೆ ಕೆರ್ಕೊಳ್ತಾನೆ.

ನಮ್ಮ ಲ್ಯಾಬ್ ರೆಕಾರ್ಡ್ ಇದಕ್ಕಿಂತ ಒಳ್ಳೆ ಉದಾಹರಣೆ. ಬರ್ಕೊಂಡೆ ಅಂದ್ರೆ ನನಗೋಸ್ಕರ ಬರೆದದ್ದು. ಬರ್ಕೊಟ್ಟೆ ಅಂದ್ರೆ ಗೆಳೆಯನಿಗೋಸ್ಕರ. ಬರ್ದಿಟ್ಟೆ ಅಂದ್ರೆ ಮುಂದೆ ಬೇಕಾಗುತ್ತೆ ಅಂತ. ಬರ್ದ್‌ಬಿಟ್ಟೆ ಅಂದ್ರೆ ಮುಗೀತು, ಇನ್ನು ತಲೆನೋವಿಲ್ಲ. ಇಂಗ್ಲಿಷಿನವರು ‘ರೈಟ್ ಡೌನ್’, ‘ರೈಟ್ ಅಪ್’, ‘ರೈಟ್ ಆಫ್’ ಅಂತ ಮಾಡೋ ಆಟವನ್ನ ನಾವು ಇನ್ನೊಂದು ಕ್ರಿಯಾಪದ ಜೋಡಿಸಿ ಆಡ್ತೀವಿ. ಇದನ್ನ ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಇಡೀ ಮಾತಾಗಿ ಕೇಳಿದ್ವಿ, ಇಡೀ ಮಾತಾಗಿ ಆಡಿದ್ವಿ.

ಇಂಗ್ಲಿಷನ್ನೂ ಹಾಗೇ ಕಲಿಯಬಹುದು. ‘ಲಾಗ್ ಇನ್’, ‘ಶಟ್ ಡೌನ್’, ‘ರೋಲ್ ಬ್ಯಾಕ್’ ಎಲ್ಲ ಫ್ರೇಸಲ್ ವರ್ಬುಗಳೇ. ವ್ಯಾಕರಣ ಕೇಳದೆ ದಿನಾ ಬಳಸ್ತೀವಿ. ಅದಕ್ಕೇ ‘ಅಪ್’, ‘ಆಫ್’, ‘ವಿತ್’ಗಳ ಅರ್ಥ ಬೇರೆಯಾಗಿ ಬಾಯಿಪಾಠ ಮಾಡಬೇಡಿ. ಕ್ರಿಯಾಪದವನ್ನ ಅದರ ಬಾಲದ ಸಮೇತ, ಒಂದು ಪೂರ್ತಿ ವಾಕ್ಯದಲ್ಲಿ ಬರ್ದಿಟ್ಕೊಳ್ಳಿ. ಆಗ ‘ಟರ್ನ್ ಇಟ್ ಆಫ್’ನಲ್ಲಿ ‘ಇಟ್’ ನಡುವೆ ಬರುತ್ತೆ, ‘ಲುಕ್ ಆಫ್ಟರ್ ಇಟ್’ನಲ್ಲಿ ಕೊನೆಗೆ ಬರುತ್ತೆ ಅನ್ನೋದೂ ಕಿವಿಗೆ ಅಭ್ಯಾಸ ಆಗುತ್ತೆ.

‘ಇಂಟರ್‌ವ್ಯೂ ಮಾಡೋರು ಕಾರಣ ಕೇಳಲ್ಲ, ತಪ್ಪು ತಪ್ಪೇ’ ಅಂತ ನೀವನ್ನಬಹುದು. ಒಪ್ತೀವಿ. ತಿದ್ದಿಕೊಳ್ಳಲೇಬೇಕು. ಆದರೆ ಅವತ್ತು ನಕ್ಕ ನಾವೇನು ಶುದ್ಧರಾ? ಇಂಗ್ಲಿಷ್ ಮೀಡಿಯಮ್ಮಿನಲ್ಲೇ ಓದಿದ ನಮ್ಮ ಮೇಲ್‌ಗಳಲ್ಲಿ ‘ರಿಪ್ಲೈ ಬ್ಯಾಕ್’ ಇತ್ತು, ‘ಕೋಪ್ ಅಪ್ ವಿತ್’ ಇತ್ತು. ‘ಬ್ಯಾಕ್’ ಬೇಕಿರಲಿಲ್ಲ, ‘ಅಪ್’ ಕೂಡ ಬೇಕಿರಲಿಲ್ಲ. ‘ಐ ಪಾಸ್ಡ್ ಔಟ್ ಲಾಸ್ಟ್ ಇಯರ್’ ಅಂದ್ರೆ ಇಲ್ಲಿ ಡಿಗ್ರಿ ಮುಗಿಸಿದೆ ಅಂತ. ಅಮೆರಿಕದವನಿಗೆ ಮೂರ್ಛೆ ಬಿದ್ದೆ ಅಂತ ಕೇಳಿಸುತ್ತೆ. ಅಲ್ಲಿನವರ ಜೊತೆ ಮಾತಾಡುವಾಗ ‘ಗ್ರ್ಯಾಜುಯೇಟೆಡ್’ ಅಂದ್ರಾಯ್ತು. ಇಲ್ಲಿ ಮಾತ್ರ ಯಾರೂ ಇದಕ್ಕೆ ನಗಲ್ಲ, ಯಾಕಂದ್ರೆ ಎಲ್ಲರೂ ಹಾಗೇ ಅಂತೀವಿ.

ಆ ಗೆಳೆಯನ ಹತ್ತಿರ ಹೋಗಿ ಕ್ಷಮೆ ಕೇಳಿದ್ವಿ. ‘ಮತ್ತೆ ಬರ್ತೀನಿ ಬಿಡ್ರೋ. ತಪ್ಪಿದ್ರೆ ಹೇಳಿ, ಆದ್ರೆ ಮಾತು ಮುಗಿದ ಮೇಲೆ ಹೇಳಿ’ ಅಂದ. ಈ ಸೆಮಿಸ್ಟರ್ ನಮ್ಮ ಮಾಕ್ ಜಿಡಿಗೆ ಅದೇ ನಿಯಮ. ತಪ್ಪು ಕಂಡವರು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೊನೆಗೆ ಕೊಡಬೇಕು, ಜೊತೆಗೆ ಅದು ಕನ್ನಡದ ಯಾವ ಮಾತಿನಿಂದ ಬಂತು ಅಂತಾನೂ ಬರೀಬೇಕು. ನೀವೂ ಬನ್ನಿ.